ಕೊಲ್ಲೆವು ಎಂದರೆ

ಮಾರ್ಚ್ ೩

ತಮ್ಮಾ,

ನಾವು ಒಬ್ಬರಿಗೊಬ್ಬರು ಬರೆಯದೆ ಬಹಳ ದಿನವಾಯಿತು. ನಿನ್ನ ತಂಗಿಯನ್ನು ಮಣ್ಣು ಮಾಡಿದ ದಿನ ನೀನು ನನ್ನ ಕಡೆ ತಿರುಗಿಯೂ ನೋಡದೆ ಹೋದೆ. ಟೆಲಿಫೋನ್ ಬೋರ್ಡಿನಲ್ಲಿ ಅವಳ ಪಕ್ಕದ ಕುರ್ಚಿಯಲ್ಲೇ ಕೂತಿದ್ದ ನಾನು ಬದುಕಿ ಬಂದಿದ್ದೇನೆ. ಯಾಕೆ ನೋಡಲಿಲ್ಲ ಎಂದು ಯಾವ ಬಾಯಿಂದ ಕೇಳಲಿ? ಅದಕ್ಕೇ ಸುಮ್ಮನಿದ್ದೆ. ಈಗ ಸುಮ್ಮನಿರುವ ಹಾಗಿಲ್ಲ.

ಮೇಷ್ಟ್ರ ಮೊಕದ್ದಮೆ ಶುರುವಾಗಿದೆ. ಅವರ ಜೊತೆ ಬಂದೂಕು ಹಿಡಿದು ನಮ್ಮ ಟೆಲಿಫೋನ್ ಎಕ್ಸ್‌ಚೇಂಜಿಗೆ ನುಗ್ಗಿದ ಮೂವರೂ ಪೊಲೀಸರು ಒಳಗೆ ಬಂದ ದಿನವೇ ಸತ್ತರು. ಹೆಗಲಿಗೆ ಗುಂಡು ಬಿದ್ದು ಉಳಿದವರು ಇವರೊಬ್ಬರೇ. ಪಾಳಿಯಲ್ಲಿದ್ದ ನಮ್ಮಿಬ್ಬರನ್ನು ತಿಂಗಳಿಗೂ ಮೇಲೆ ಕೂಡಿಹಾಕಿದ್ದಕ್ಕೆ ಶಿಕ್ಷೆ ಆಗಬೇಕು, ಆಗಲಿ. ಜೈಲಿನಲ್ಲಿರುವ ತಮ್ಮ ಕಡೆಯವರನ್ನು ಬಿಡಿಸಿಕೊಳ್ಳಲು ಬೇರೆಯವರ ಮನೆಯ ಹೆಣ್ಣುಮಕ್ಕಳನ್ನು ಒತ್ತೆ ಇಟ್ಟುಕೊಳ್ಳುವುದು ಯಾವ ಸೀಮೆಯ ನ್ಯಾಯ ಎಂದು ಅವರ ಮುಖಕ್ಕೇ ಕೇಳಿದವಳು ನಾನು. ಆದರೆ ಸರ್ಕಾರಿ ವಕೀಲರು ಕೇಳುತ್ತಿರುವುದು ಅವರ ಕೊರಳನ್ನು. ಕೊನೆಯ ಸಂದೇಶದಲ್ಲಿ ಅವರು ನಮ್ಮಿಬ್ಬರನ್ನೂ ಕೊಲ್ಲುವುದಾಗಿ ಹೇಳಿದರಂತೆ, ಅದಕ್ಕೇ ಪೊಲೀಸರು ನುಗ್ಗಬೇಕಾಯಿತಂತೆ.

ಆ ಸಂದೇಶವನ್ನು ಫೋನಿನಲ್ಲಿ ಓದಿದವಳು ನಾನು. ಮೇಷ್ಟ್ರು ಬರೆದುಕೊಟ್ಟ ಚೀಟಿ ಪೊಲೀಸರು ನುಗ್ಗಿದಾಗ ಎದ್ದ ಬೆಂಕಿಯಲ್ಲಿ ಹೋಯಿತು, ಆದರೆ ನನಗೆ ಅದು ಬಾಯಿಪಾಠ: “ಗಡುವು ಮುಗಿಯಿತು. ಒಳಗಿರುವವರನ್ನು ಕೊಲ್ಲೆವು. ಮಾತಿಗೆ ಬನ್ನಿ.” ಕೊಲ್ಲೆವು ಎಂದರೆ ಕೊಲ್ಲುವುದಿಲ್ಲ ಎಂದರ್ಥ, ತಮ್ಮಾ. ಹಳೆಯ ಪುಸ್ತಕದ ಮಾತು. ಕೊಲ್ಲುವೆವು ಎಂದಿದ್ದರೆ ಅದು ಬೇರೆ. ನಡುವೆ ಇರುವುದು ಒಂದೇ ಒಂದು ಅಕ್ಷರ.

ಇದನ್ನು ನಾನು ಕೋರ್ಟಿನಲ್ಲಿ ಹೇಳಿದೆ. ವಕೀಲರು ನಕ್ಕು ಒಬ್ಬ ಡಾಕ್ಟರನ್ನು ಕರೆಸಿದರು. ಬಹಳ ದಿನ ಒತ್ತೆಯಾಗಿದ್ದವರಿಗೆ ಹಿಡಿದಿಟ್ಟವರ ಮೇಲೇ ಮಮತೆ ಹುಟ್ಟುತ್ತದೆ, ಅವರನ್ನು ಕಾಪಾಡಲು ಮನಸ್ಸು ತಾನೇ ಕಥೆ ಕಟ್ಟುತ್ತದೆ ಎಂದು ಡಾಕ್ಟರು ಸಾಕ್ಷಿ ಹೇಳಿದರು. ಹೌದು, ಮಮತೆ ಹುಟ್ಟಿತು. ಅದನ್ನು ನಾನೇನೂ ಸೆರಗಿನಲ್ಲಿ ಮುಚ್ಚಿಟ್ಟುಕೊಂಡಿಲ್ಲ. ಮಮತೆ ಹುಟ್ಟಿದರೆ ಓದು ಬರಹ ಮರೆತುಹೋಗುತ್ತದೆಯೇ?

ಆ ಸಂದೇಶ ಕೇಳಿಸಿಕೊಂಡವನು ನೀನೊಬ್ಬನೇ. ಪೊಲೀಸರು ಉಳಿದ ಲೈನುಗಳನ್ನೆಲ್ಲ ಕತ್ತರಿಸಿ ಒಂದನ್ನು ಮಾತ್ರ ಬಿಟ್ಟಿದ್ದರು. ಹೊರಗಿನ ಕಂಬದ ಬುಡದಲ್ಲಿ ಅದನ್ನು ಕಾಯುತ್ತ ಕೂತ ಲೈನ್‌ಮನ್ ನೀನೇ ಎಂದು ನಿನ್ನ “ಹಲೋ” ಕೇಳಿದ ಕೂಡಲೇ ನಮಗೆ ತಿಳಿದಿತ್ತು. ನೀನು ಅಧಿಕಾರಿಗೆ ಏನು ಹೇಳಿದೆ ಎಂದು ನಾನು ಕೇಳುವುದಿಲ್ಲ. ನಿನ್ನ ಕಿವಿಗೆ ಬಿದ್ದ ಪದ ಯಾವುದು, ಅಷ್ಟನ್ನು ನ್ಯಾಯಾಧೀಶರಿಗೆ ಹೇಳು. ನಾನು ಹೇಳಿದರೆ ಹುಚ್ಚಿಯ ಮಾತು. ತಂಗಿಯನ್ನು ಕಳೆದುಕೊಂಡ ನೀನು ಹೇಳಿದರೆ ಯಾರೂ ತೆಗೆದುಹಾಕುವುದಿಲ್ಲ.

ನಿನ್ನ ಅಮ್ಮನ ಮಂಡಿನೋವು ಹೇಗಿದೆ?

ನಿನ್ನ ಅಕ್ಕ


ಮಾರ್ಚ್ ೨೬

ಟ್ರಂಕ್ ಬೋರ್ಡಿನ ಹಿರಿಯ ಆಪರೇಟರ್ ಅವರಿಗೆ,

ನಿಮ್ಮ ಪತ್ರ ತಲುಪಿತು. ಬಂದೂಕು ಹಿಡಿದು ಬಂದವನನ್ನು ನೀವು ಇನ್ನೂ ಮೇಷ್ಟ್ರು ಎಂದೇ ಕರೆಯುತ್ತೀರಿ. ಅಲ್ಲಿಗೇ ನಾನು ಪತ್ರ ಮಡಚಿಡಬೇಕಿತ್ತು.

ನನಗೆ ಕೇಳಿಸಿದ್ದು “ಕೊಲ್ಲು” ಎನ್ನುವ ಮಾತು. ಮಿಕ್ಕದ್ದೆಲ್ಲ ಗರಗರ. ಅಧಿಕಾರಿ “ಏನಂದ್ರಯ್ಯ?” ಎಂದರು. “ಕೊಲ್ತಾರಂತೆ ಸಾರ್” ಎಂದೆ. ಕೇಳಿದ್ದನ್ನು ಹೇಳಿದೆ. ಇದನ್ನು ಪೊಲೀಸರ ಮುಂದೆಯೂ ಬರೆಸಿದ್ದೇನೆ, ಕೋರ್ಟಿನಲ್ಲೂ ಇದನ್ನೇ ಹೇಳುತ್ತೇನೆ.

ಇನ್ನು ನಿಮ್ಮ ಪಾಠದ ವಿಷಯ. ನಾನು ಓದಿದ್ದು ಕಡಿಮೆ, ಒಪ್ಪುತ್ತೇನೆ. ಆದರೂ “ಬಲ್ಲೆವು” ಎಂದರೆ ಗೊತ್ತು ಎಂದರ್ಥ, ಗೊತ್ತಿಲ್ಲ ಎಂದಲ್ಲ, ಇಷ್ಟು ನನಗೂ ಗೊತ್ತು. ಹಾಗಿದ್ದ ಮೇಲೆ “ಕೊಲ್ಲೆವು” ಎಂದರೆ ಕೊಲ್ಲುತ್ತೇವೆ ಎಂದೇ ಆಗಬೇಕಲ್ಲ? ಲೋಕದಲ್ಲಿ ಯಾವ ಮನುಷ್ಯ ಹಾಗೆ ಮಾತಾಡುತ್ತಾನೆ? “ಕೊಲ್ಲಲ್ಲ” ಅನ್ನುವುದಕ್ಕೆ ಅವನಿಗೆ ಬಾಯಿ ಬಿದ್ದುಹೋಗಿತ್ತೇ?

ನನ್ನ ತಂಗಿ ಸತ್ತಿದ್ದು ಆ ಪಾಪಿಗಳಿಂದ. ಪೊಲೀಸರು ಅವಳನ್ನು ಉಳಿಸಲು ಹೋದರು, ಆಗಲಿಲ್ಲ. ಇಷ್ಟನ್ನು ಹಿಡಿದುಕೊಂಡು ನಾನು ದಿನಾ ಎದ್ದು ಕೆಲಸಕ್ಕೆ ಹೋಗುತ್ತಿದ್ದೇನೆ. ಇದನ್ನೂ ಕಿತ್ತುಕೊಳ್ಳಬೇಡಿ.

ಇನ್ನು ಮುಂದೆ ಬರೆಯಬೇಡಿ.

ಇತಿ,
ಲೈನ್‌ಮನ್


ಏಪ್ರಿಲ್ ೯

ತಮ್ಮಾ,

ನಿನ್ನ “ಅವರಿಗೆ” ಓದಿ ಮೊದಲು ನಗು ಬಂತು, ಆಮೇಲೆ ಅಳು ಬಂತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನೀನು ಕಂಬ ಹತ್ತಿ ಇಳಿಯಲಾರದೆ ಅಪ್ಪಿಕೊಂಡು ನಿಂತಿದ್ದಾಗ ಕೆಳಗಿನಿಂದ ನಾನು ಬೈದ ಬೈಗುಳ ನೆನಪಿದೆಯೇ? ಆಗ ನೀವು ತಾವು ಒಂದೂ ಇರಲಿಲ್ಲ. ಬರೆಯಬೇಡಿ ಎಂದರೆ ಬಿಡುವವಳೂ ನಾನಲ್ಲ.

ನಿನ್ನ ಬಲ್ಲೆವು ವಾದ ಇದೆಯಲ್ಲ, ಅದನ್ನೇ ಸೂಜಿಯೂ ಮಾಡಿದ್ದಳು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ತಾನೆ. ಎಕ್ಸ್‌ಚೇಂಜಿನಲ್ಲಿ ಅವಳಿಗೆ ಸೂಜಿ ಎಂದು ಹೆಸರಿಟ್ಟಿದ್ದು ಸುಮ್ಮನೆ ಅಲ್ಲ. ಮೈಯೂ ಸಣ್ಣ, ಮಾತೂ ಚುಚ್ಚು. ಮೇಷ್ಟ್ರು ಅವಳನ್ನು ತಿರುಗಿ ಕೇಳಿದರು.

“ಒಲ್ಲೆ ಅಂದ್ರೆ ಏನು ಮಗಳೇ?”

“ಬೇಡ ಅಂತ.”

“ಮತ್ತೆ? ತಿನ್ನೆ, ಮಾಡೆ, ಕೊಡೆ, ಎಲ್ಲಾ ಒಲ್ಲೆಯ ಕಡೆಯವರು. ಬಲ್ಲೆ ಒಬ್ಬಳು ಮೊಂಡಿ. ಅವಳ ಮಾತು ಬಿಡು.”

ಮೊದಲ ವಾರ ಹೀಗಿರಲಿಲ್ಲ. ಬೋರ್ಡಿನ ವೈರಿನಲ್ಲೇ ಅವರು ನಮ್ಮ ಕೈ ಕಟ್ಟಿದ್ದರು, ಸೂಜಿ ಅವರ ಅಂಗಿಯ ಮೇಲೆ ಉಗಿದಿದ್ದಳು. ಆಮೇಲೆ ಅವಳಿಗೆ ಜ್ವರ ಬಂತು. ಮೈ ಕೆಂಡ. ಮೇಷ್ಟ್ರು ದಿನವಿಡೀ ಅವಳ ತಲೆಯ ಹತ್ತಿರ ಕೂತು ಹಣೆಗೆ ಒದ್ದೆ ಬಟ್ಟೆ ಹಾಕಿದರು. ಅವರ ಬಂದೂಕು ನೀರಿನ ಡ್ರಮ್ಮಿಗೆ ಒರಗಿಕೊಂಡು ನನ್ನ ಕೈಗೆ ಸಿಗುವ ಹಾಗೆ ನಿಂತಿತ್ತು. ಅದನ್ನು ನಾನು ನೋಡಿದೆ. ನಾನು ನೋಡಿದ್ದನ್ನು ಅವರೂ ನೋಡಿದರು. “ಅಮ್ಮಾ, ಈ ಬಟ್ಟೆ ಕಾದುಹೋಗಿದೆ, ಇನ್ನೊಂದು ಹಿಂಡಿಕೊಡಿ” ಎಂದರು. ಹಿಂಡಿಕೊಟ್ಟೆ. ಡಾಕ್ಟರು ಇದಕ್ಕೆ ಏನೋ ಹೆಸರು ಹೇಳಿದರು. ಆ ಕ್ಷಣ ನನಗೆ ಕಂಡಿದ್ದು ಒಂದು ಮಗುವಿನ ಜ್ವರ ಮತ್ತು ಅದರ ಪಕ್ಕ ಕೂತ ಇಬ್ಬರು ದೊಡ್ಡವರು, ಅಷ್ಟೇ.

ಜ್ವರ ಬಿಟ್ಟ ಮೇಲೆ ಅವಳ ನಾಲಿಗೆ ಮತ್ತೆ ಶುರುವಾಯಿತು. “ಮೇಷ್ಟ್ರೇ, ಬಂದೂಕಿಗೆ ಬಹುವಚನ ಏನು?” ಎಂದಳು. “ಬಂದೂಕುಗಳು. ಆದ್ರೆ ಬಹುವಚನ ಯಾಕಮ್ಮ, ಏಕವಚನವೇ ಭಾರ ಆಗಿದೆ” ಎಂದರು. ಹೊತ್ತು ಹೋಗಲೆಂದು ಒಂದು ಆಟ ಕಲಿಸಿದರು. “ಇಲ್ಲ” ಎನ್ನುವ ಮಾತು ಯಾರೂ ಆಡಬಾರದು. ಆಡಿದವರ ಬಿಸ್ಕತ್ತು ಎದುರಿನವರಿಗೆ. ನಿನ್ನ ತಂಗಿ ನೆಲ ಕುಟ್ಟಿ ಕುಟ್ಟಿ ಹೇಳುತ್ತಿದ್ದಳು: “ಈ ಒಣ ಬ್ರೆಡ್ ತಿನ್ನೆನು! ಈ ನೆಲದ ಮೇಲೆ ಮಲಗೆನು! ನಿಮ್ಮ ಪಾಠ ಕೇಳೆನು!” ಮೇಷ್ಟ್ರು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ದಿನಾ ಬೇಕೆಂದೇ ಸೋತು ಬಿಸ್ಕತ್ತು ಅವಳಿಗೆ ಕೊಡುತ್ತಿದ್ದರು.

ಗಡುವು ಮುಗಿದ ದಿನ ಉಳಿದ ಮೂವರು ಒಬ್ಬರನ್ನಾದರೂ ಹೊಡೆದು ತೋರಿಸೋಣ ಎಂದರು. ಸೂಜಿ ನನ್ನ ತೋಳನ್ನು ಬಿಗಿಯಾಗಿ ಹಿಡಿದುಕೊಂಡಳು. ಮೇಷ್ಟ್ರು ಎದ್ದು ನಿಂತು, “ಮೊದಲು ನನ್ನನ್ನ ಹೊಡೀರಿ” ಎಂದರು. ಬಹಳ ಹೊತ್ತು ಕೂಗಾಟವಾಯಿತು. ಕೊನೆಗೆ ಆ ಮೂವರು ಬಗ್ಗಿದರು. ಮೇಷ್ಟ್ರು ಚೀಟಿ ಬರೆದು ಮೊದಲು ಸೂಜಿಗೆ ತೋರಿಸಿದರು. “ಇಲ್ಲ ಅನ್ನದೇನೇ ಬರೆದಿದ್ದೀನಿ ನೋಡು. ಇವತ್ತಿನ ಬಿಸ್ಕತ್ತು ನಂದು” ಎಂದರು. ಹೆದರಿದ ಮಗು ನಗಲಿ ಎಂದು, ತಮ್ಮಾ. ಅದಕ್ಕಾಗಿ ಹಾಗೆ ಬರೆದರು. ಅವಳು ನಕ್ಕಳು. ನಾನು ಬರೆದದ್ದನ್ನು ಬರೆದ ಹಾಗೆ ಓದಿದೆ. ಸಂದೇಶಕ್ಕೆ ಅಕ್ಷರ ಕೂಡಿಸಬೇಡಿ, ಕಳೆಯಬೇಡಿ ಎಂದು ಹೊಸಬರಿಗೆ ಹೇಳಿಕೊಡುತ್ತಿದ್ದವಳು ನಾನೇ ಅಲ್ಲವೇ.

ಇನ್ನೊಂದು ಮಾತು ನಿನಗೆ ಇಷ್ಟು ದಿನ ಹೇಳಿರಲಿಲ್ಲ. ಮೆಟ್ಟಿಲ ಮೇಲೆ ಬೂಟಿನ ಸದ್ದು ಕೇಳಿದಾಗ ನಾವೆಲ್ಲ ಕೂತೇ ಇದ್ದೆವು. ಸೂಜಿ ಮಾತ್ರ ಎದ್ದಳು. “ಅಕ್ಕಾ, ಮಾತಿಗೆ ಬಂದ್ರು! ನಮ್ಮಣ್ಣ ಸರಿಯಾಗಿ ಹೇಳಿದಾನೆ!” ಎಂದು ನಗುತ್ತ ಬಾಗಿಲು ತೆಗೆಯಲು ಓಡಿದಳು. ಗುಂಡು ಬಾಗಿಲಿನ ಆಚೆಯಿಂದ ಬಂತು.

ಅವಳಿಗೆ ಆ ಪದದ ಅರ್ಥ ಗೊತ್ತಿತ್ತು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಅವಳಿಗಾಗಿಯಾದರೂ ಹೇಳು.

ನಿನ್ನ ಅಕ್ಕ


ಜೂನ್ ೨೧

ಅಕ್ಕಾ,

ನಿನ್ನ ಪತ್ರವನ್ನು ಎಷ್ಟು ಸಲ ಹರಿಯಬೇಕೆಂದುಕೊಂಡೆನೋ. ಹರಿಯಲಾಗಲಿಲ್ಲ. ಅವಳು ನಕ್ಕಿದ್ದು ಅದರಲ್ಲಿದೆ.

ನಮ್ಮ ಬೀದಿಯ ಕೊನೆಯಲ್ಲಿ ಶಾಲೆಯಿಂದ ನಿವೃತ್ತರಾದ ಒಬ್ಬರು ಇದ್ದಾರೆ. ಅವರ ಮನೆಯ ಫೋನು ಕೆಟ್ಟಿತ್ತು. ರಿಪೇರಿಗೆ ಹೋದವನು ಸುಮ್ಮನೆ ಕೇಳುವವನ ಹಾಗೆ ಕೇಳಿದೆ: “ಕೊಲ್ಲೆವು ಅಂದ್ರೆ ಏನು ಸಾರ್?” ಅವರು ತಲೆ ಎತ್ತದೆ, “ಕೊಲ್ಲುವುದಿಲ್ಲ ಅಂತ ಕಣಯ್ಯ” ಎಂದರು. ಒಂದು ಗಳಿಗೆ ಯೋಚನೆ ಕೂಡ ಮಾಡಲಿಲ್ಲ. ನಾನು ಸ್ಕ್ರೂಡ್ರೈವರನ್ನು ಅಲ್ಲೇ ಬಿಟ್ಟು ಬಂದುಬಿಟ್ಟೆ.

ಅಕ್ಕಾ, ಗರಗರ ಏನೂ ಇರಲಿಲ್ಲ. ನಿನ್ನ ದನಿ ಪಕ್ಕದಲ್ಲಿ ಕೂತು ಮಾತಾಡಿದ ಹಾಗೆ ಕೇಳುತ್ತಿತ್ತು. ಕೊಲ್ಲೆವು ಎಂದೇ ಕೇಳಿಸಿತು. ಆ ಪದ ನಾನು ಹುಟ್ಟಿದ ಮೇಲೆ ಕೇಳಿರಲಿಲ್ಲ. ಇನ್ನೊಂದು ಸಲ ಹೇಳಕ್ಕ ಎನ್ನಬಹುದಿತ್ತು. ಅಧಿಕಾರಿ ತಲೆಯ ಮೇಲೆ ನಿಂತಿದ್ದರು, ಸುತ್ತ ಅಷ್ಟು ಜನ, ಗೊತ್ತಾಗಲಿಲ್ಲ ಅನ್ನಲು ನಾಚಿಕೆಯಾಯಿತು.

ಅಮ್ಮ ದಿನಾ ಊಟಕ್ಕೆ ಕೂತಾಗ ಒಂದೇ ಮಾತು ಹೇಳುತ್ತಾಳೆ: “ಒಳಗೆ ನುಗ್ಗಿ ಅಂತ ಯಾವನು ಹೇಳಿದ್ನೋ, ಅವನ ನಾಲಿಗೆ ಸೇದಿಹೋಗ.” ಹೇಳುತ್ತಲೇ ನನ್ನ ತಟ್ಟೆಗೆ ಬಡಿಸುತ್ತಾಳೆ. ಅವಳಿಗೆ ಗೊತ್ತಿಲ್ಲ. ನಾನು ತಿನ್ನುತ್ತೇನೆ.

ಕೋರ್ಟಿನಲ್ಲಿ ನಿಜ ಹೇಳುತ್ತೇನೆ. ನೀನು ಕೇಳಿದ ಹಾಗೇ. ಆದರೆ ಹೇಳಿದ ಮೇಲೆ ಅಮ್ಮನಿಗೆ ತಿಳಿಯುತ್ತದೆ. ಆಮೇಲೆ ನಾನು ಮನೆಗೆ ಹೋಗುವುದಿಲ್ಲ ಅಕ್ಕಾ. ಎಲ್ಲಿಗೂ ಹೋಗುವುದಿಲ್ಲ. ಅಮ್ಮನನ್ನು ಆಗಾಗ ಬಂದು ನೋಡಿಕೊಂಡು ಹೋಗು. ಹೆಂಡತಿ ನನ್ನ ಕಂಬ ಹತ್ತುವ ಬೆಲ್ಟನ್ನು ಎಲ್ಲೋ ಬಚ್ಚಿಟ್ಟಿದ್ದಾಳೆ, ಕೇಳಿದರೆ ಅಳುತ್ತಾಳೆ.

ತಮ್ಮ


ಜುಲೈ ೨

ಮೇಷ್ಟ್ರಿಗೆ,

ಜೈಲಿನ ಅಂಚೆಯಲ್ಲಿ ಹಾಕಿದರೆ ಎಲ್ಲರೂ ಓದುತ್ತಾರೆಂದು ನಿಮ್ಮ ವಕೀಲರ ಕೈಯಲ್ಲಿ ಕಳಿಸುತ್ತಿದ್ದೇನೆ. ಒಳಗೆ ಏನಿದೆ ಎಂದು ಅವರಿಗೆ ಹೇಳಿಲ್ಲ.

ಲೈನಿನ ಆ ತುದಿಯಲ್ಲಿದ್ದವನು ಸೂಜಿಯ ಅಣ್ಣ. ಇದು ನಿಮಗೆ ಗೊತ್ತಿತ್ತು. “ನಮ್ಮಣ್ಣ, ನಮ್ಮಣ್ಣ” ಎಂದು ಅವಳು ದಿನವೆಲ್ಲ ಬಡಾಯಿ ಕೊಚ್ಚುತ್ತಿದ್ದಳಲ್ಲ. ಅವನು ನಿಮ್ಮ ಪದ ಸರಿಯಾಗಿ ಕೇಳಿಸಿಕೊಂಡ, ಅರ್ಥ ತಪ್ಪು ಮಾಡಿಕೊಂಡ. ಈಗ ಕೋರ್ಟಿನಲ್ಲಿ ನಿಜ ಹೇಳಲು ಒಪ್ಪಿದ್ದಾನೆ. ಹೇಳಿದರೆ ನೀವು ಉಳಿಯುತ್ತೀರಿ. ಆದರೆ ಹೇಳಿದ ಮೇಲೆ ಅವನು ಬದುಕಿರುವುದಿಲ್ಲ. ಅವನ ಪತ್ರ ಓದಿದರೆ ನಿಮಗೂ ಹಾಗೇ ಅನ್ನಿಸುತ್ತದೆ. ಅವನ ಬಾಯಿ ಬಿಡಿಸಿದವಳು ನಾನು. ಸೂಜಿಯ ಕೊನೆಯ ಮಾತನ್ನು ಅವನಿಗೆ ಬರೆದು ಕಳಿಸಿದೆ. ನ್ಯಾಯಕ್ಕಾಗಿ ಎಂದುಕೊಂಡು ಬರೆದೆ.

ನಿಮ್ಮ ಕೊರಳು ಒಂದು ಕಡೆ, ಆ ಹುಡುಗಿಯ ಅಣ್ಣ ಇನ್ನೊಂದು ಕಡೆ. ನನಗೆ ಆರಿಸಲು ಬರುವುದಿಲ್ಲ. ನಿಮಗೆ ಇದನ್ನು ಬರೆಯುವುದೇ ಅನ್ಯಾಯ ಎಂದು ಗೊತ್ತು. ಬೇರೆ ಯಾರನ್ನು ಕೇಳಲಿ? ಒಳಗೆ ಏನಾಯಿತೆಂದು ಬಲ್ಲವರು ನಾವಿಬ್ಬರೇ ಉಳಿದಿರುವುದು.

ಹೆಗಲು ನೋಯುತ್ತಿದೆಯೇ?

ಆಪರೇಟರಮ್ಮ


ಜುಲೈ ೧೪

ಅಮ್ಮಾ,

ನಿಮ್ಮ ಪತ್ರದಲ್ಲಿ ಒಂದೂ ಕಾಗುಣಿತದ ತಪ್ಪಿಲ್ಲ. ನನ್ನ ಶಾಲೆಯ ಹಾಜರಿ ಪುಸ್ತಕದಲ್ಲಿ ನಿಮ್ಮ ಹೆಸರನ್ನೂ ಸೇರಿಸಬಹುದು. ಹೆಗಲು ನೋಯುತ್ತದೆ, ಆದರೆ ಬರೆಯುವ ಕೈ ಇನ್ನೊಂದು.

ಮುಂದಿನ ವಿಚಾರಣೆಯಲ್ಲಿ ಆ ಹುಡುಗನಿಗಿಂತ ಮೊದಲೇ ನಾನು ಮಾತಾಡಲು ಅನುಮತಿ ಕೇಳುತ್ತೇನೆ. ಚೀಟಿಯಲ್ಲಿ ಕೊಲ್ಲುವೆವು ಎಂದೇ ಬರೆದಿದ್ದೆ ಎನ್ನುತ್ತೇನೆ. ಬರೆದವನೇ ಒಪ್ಪಿಕೊಂಡ ಮೇಲೆ ಓದಿದವರನ್ನೂ ಕೇಳಿದವರನ್ನೂ ಯಾರು ವಿಚಾರಿಸುತ್ತಾರೆ? ನೀವು ಎದ್ದು ನಿಂತು ಕೂಗಬೇಡಿ. ನಿಮ್ಮ ಸ್ವಭಾವ ಗೊತ್ತಿರುವುದರಿಂದ ಇದನ್ನು ಮುಂಚೆಯೇ ಬರೆಯುತ್ತಿದ್ದೇನೆ.

ನಾನು ದೊಡ್ಡ ತ್ಯಾಗ ಮಾಡುತ್ತಿದ್ದೇನೆಂದು ತಿಳಿಯಬೇಡಿ. ಆ ಬಾಗಿಲಿನ ಒಳಗೆ ಅವಳನ್ನು ಕೂಡಿಹಾಕಿದವನು ನಾನು. ನಾನು ಬಂದೂಕು ತಾರದಿದ್ದರೆ ಅವಳಿಗೆ ಜ್ವರ ಬಂದಾಗ ಅವಳ ತಾಯಿ ಬಟ್ಟೆ ಹಾಕುತ್ತಿದ್ದಳು. ಎಲ್ಲದಕ್ಕೂ ಮೇಲೆ, ನಾಲ್ಕು ಜನರಿಗೆ ಅರ್ಥವಾಗುವ ಮಾತು ಬಿಟ್ಟು ಒಬ್ಬಳನ್ನು ನಗಿಸಲು ಬರೆದೆ. ಮೂವತ್ತು ವರ್ಷ ಮಕ್ಕಳಿಗೆ ಕಲಿಸಿದ ಪಾಠವನ್ನು ಬೇಕಾದಾಗ ನಾನೇ ಮರೆತೆ. ಆ ಹುಡುಗನದು ತಪ್ಪಲ್ಲ. ಲೋಕ ಮಾತಾಡುವ ಭಾಷೆಯಲ್ಲಿ ಅವನು ಕೇಳಿಸಿಕೊಂಡ.

ಇನ್ನು ಮೇಲೆ ನಾನೂ ಲೋಕದ ಹಾಗೇ ಬರೆಯುತ್ತೇನೆ. ನಾನು ಅಳುವುದಿಲ್ಲ. ಹೆದರುವುದಿಲ್ಲ. ನಿಮ್ಮನ್ನು ಮರೆಯುವುದಿಲ್ಲ. ನೋಡಿ, ಎಷ್ಟು ಸುಲಭವಾಗಿ ಅರ್ಥವಾಗುತ್ತದೆ.

ಇದನ್ನು ಓದಿ ಸುಟ್ಟುಬಿಡಿ.

ಮೇಷ್ಟ್ರು


ಆಗಸ್ಟ್ ೩೦

ಅಕ್ಕಾ,

ಅವತ್ತು ಕೋರ್ಟಿನಿಂದ ನೀನು ಯಾರ ಜೊತೆಗೂ ಮಾತಾಡದೆ ಹೊರಟುಹೋದೆ. ನಾನು ಮೆಟ್ಟಿಲವರೆಗೂ ಓಡಿ ಬಂದೆ, ನೀನು ಬಸ್ಸು ಹತ್ತಿಬಿಟ್ಟಿದ್ದೆ.

ನನ್ನ ಸರದಿ ಬರುವ ಮೊದಲೇ ಅವನು ಎದ್ದು ಒಪ್ಪಿಕೊಂಡುಬಿಟ್ಟ. “ಕೊಲ್ಲುವೆವು ಎಂದೇ ಬರೆದಿದ್ದೆ. ಲೈನ್‌ಮನ್ ಸರಿಯಾಗಿಯೇ ಕೇಳಿಸಿಕೊಂಡಿದ್ದಾರೆ. ಆಪರೇಟರಮ್ಮ ನನ್ನ ಮೇಲಿನ ಕನಿಕರದಿಂದ ಬೇರೆ ಹೇಳುತ್ತಿದ್ದಾರೆ.” ಈ ಮೂರು ಮಾತು ನನಗೆ ಬಾಯಿಪಾಠವಾಗಿದೆ. ಸರ್ಕಾರಿ ವಕೀಲರು ನನ್ನನ್ನು ಕರೆಯಲೇ ಇಲ್ಲ. ಮನೆಗೆ ಬಂದು ಅಮ್ಮನ ಮಡಿಲಲ್ಲಿ ತಲೆಯಿಟ್ಟು ಮಲಗಿದವನು ಮಾರನೆಯ ದಿನ ಮಧ್ಯಾಹ್ನ ಎದ್ದೆ. ಹೆಂಡತಿ ಬೆಲ್ಟನ್ನು ಅವಳೇ ತಂದುಕೊಟ್ಟಳು. ಕೆಲಸಕ್ಕೆ ಹೋಗುತ್ತಿದ್ದೇನೆ. ನಿನ್ನೆ ಅಮ್ಮ ಏನೋ ಹೇಳಿದಳು, ನಾನು ನಕ್ಕೆ. ನಕ್ಕು ನನಗೇ ಆಶ್ಚರ್ಯವಾಯಿತು.

ಆದರೆ ಒಂದು ಮುಳ್ಳು ಉಳಿದಿದೆ. ಅವನು ಅದನ್ನು ಹೇಳುವಾಗ ನ್ಯಾಯಾಧೀಶರನ್ನು ನೋಡಲಿಲ್ಲ, ನಿನ್ನನ್ನೂ ನೋಡಲಿಲ್ಲ. ನನ್ನನ್ನು ನೋಡಿ ಹೇಳಿದ. ಶಾಲೆಯಲ್ಲಿ ನಾನು ತಪ್ಪು ಉತ್ತರ ಹೇಳಿದಾಗ ಒಬ್ಬರು ಮೇಷ್ಟ್ರು ಹಾಗೆ ನೋಡಿ “ಪರವಾಗಿಲ್ಲ, ಕೂತ್ಕೋ” ಎನ್ನುತ್ತಿದ್ದರು. ಇವನು ಯಾಕೆ ಹಾಗೆ ನೋಡಬೇಕು?

ನನ್ನ ಕಿವಿಯನ್ನು ನಾನು ನಂಬುವುದಿಲ್ಲ ಈಗ. ಕೊಲ್ಲೆವು ಎಂದು ಕೇಳಿದೆನೋ, ನಿನ್ನ ಪತ್ರ ಓದಿದ ಮೇಲೆ ಹಾಗೆ ಕೇಳಿದೆ ಅನ್ನಿಸಿತೋ, ಒಂದೂ ತಿಳಿಯುವುದಿಲ್ಲ. ನೀನು ಸುಳ್ಳು ಹೇಳುವವಳಲ್ಲ. ಒಂದೇ ಒಂದು ಸಲ ಹೇಳು. ಚೀಟಿಯಲ್ಲಿ ಏನಿತ್ತು? ನೀನು ಹೇಳಿದ್ದನ್ನು ನಂಬುತ್ತೇನೆ, ಮತ್ತೆಂದೂ ಕೇಳುವುದಿಲ್ಲ.

ನಿನ್ನ ತಮ್ಮ


ನವೆಂಬರ್ ೧೧

ತಮ್ಮಾ,

ನಿನಗೆ ಉತ್ತರ ಬರೆಯಲು ಇಷ್ಟು ತಿಂಗಳು ಬೇಕಾಯಿತು. ಕ್ಷಮಿಸು. ಮೈ ಹುಷಾರಿರಲಿಲ್ಲ. ಎಕ್ಸ್‌ಚೇಂಜಿನ ಕೆಲಸಕ್ಕೂ ರಾಜೀನಾಮೆ ಕೊಟ್ಟೆ. ಹೆಡ್‌ಫೋನ್ ಹಾಕಿಕೊಂಡರೆ ಕಿವಿ ನೋಯುತ್ತದೆ.

ನೀನು ಕೇಳಿದ್ದಕ್ಕೆ ನೇರವಾಗಿ ಹೇಳುತ್ತೇನೆ. ಚೀಟಿಯಲ್ಲಿ ಕೊಲ್ಲುವೆವು ಎಂದೇ ಇತ್ತು. ನಾನು ಓದಿದ್ದೂ ಹಾಗೇ. ನೀನು ಕೇಳಿದ್ದು ಸರಿ, ಹೇಳಿದ್ದು ಸರಿ. ನಿನ್ನ ಜಾಗದಲ್ಲಿ ಯಾರಿದ್ದರೂ ಅದನ್ನೇ ಹೇಳಬೇಕಿತ್ತು. ಡಾಕ್ಟರು ಹೇಳಿದಾಗ ನಾನು ಕೋಪ ಮಾಡಿಕೊಂಡೆ, ಆದರೆ ಅವರು ಹೇಳಿದ್ದು ನಿಜ. ಅಷ್ಟು ದಿನ ಒಂದೇ ಕೋಣೆಯಲ್ಲಿ ಇದ್ದು ನನ್ನ ಬುದ್ಧಿ ಕೆಟ್ಟಿತ್ತು. ಆ ಮನುಷ್ಯ ನಗಿಸಿದ್ದೇ ದೊಡ್ಡದಾಗಿ ಕಂಡಿತು. ಇಲ್ಲದ್ದನ್ನು ಕಟ್ಟಿಕೊಂಡು ನಿನ್ನ ತಲೆಗೂ ತುಂಬಿದೆ.

ಸೂಜಿ ನಗುತ್ತ ಬಾಗಿಲು ತೆಗೆಯಲು ಓಡಿದಳು ಎಂದು ಬರೆದಿದ್ದೆನಲ್ಲ, ಅದೂ ಸುಳ್ಳು. ಅವಳು ಎದ್ದೇ ಇರಲಿಲ್ಲ. ನನ್ನ ತೋಳು ಹಿಡಿದುಕೊಂಡು ಕೂತಿದ್ದಳು. ಏನೂ ಮಾತಾಡಲಿಲ್ಲ. ನಿನ್ನ ಹೆಸರೂ ಎತ್ತಲಿಲ್ಲ. ಆ ಪತ್ರ ಇನ್ನೂ ಇಟ್ಟುಕೊಂಡಿದ್ದರೆ ಒಲೆಗೆ ಹಾಕು. ಹುಚ್ಚಿಯ ಬರಹ ಮನೆಯಲ್ಲಿರಬಾರದು.

ಅಮ್ಮ ಬಡಿಸಿದ್ದನ್ನು ಹೊಟ್ಟೆತುಂಬ ತಿನ್ನು. ಅವಳು ಬೈಯುವುದು ನಿನಗಲ್ಲ.

ಆ ಮನುಷ್ಯ ಅಪೀಲು ಮಾಡಿಕೊಳ್ಳಲಿಲ್ಲವಂತೆ. ಇವತ್ತು ಬೆಳಿಗ್ಗೆ ಅವನನ್ನು ಗಲ್ಲಿಗೆ ಹಾಕಿದರೆಂದು ರೇಡಿಯೋದಲ್ಲಿ ಹೇಳಿದರು. ನಾನು ಅಳಲಿಲ್ಲ. ಅಳುವುದಕ್ಕೆ ಅವನು ನನಗೇನಾಗಬೇಕು?

ನಿನ್ನ ಅಕ್ಕ